ಹಂದಿಗೂ ಕಾಣದ ಮಾಯಿಲಪ್ಪ

ಮಾಯಿಲಪ್ಪನಷ್ಟು ಎದ್ದು ಕಾಣುವ ಮನುಷ್ಯ ನಾಪೋಕ್ಲು ಸೀಮೆಯಲ್ಲೇ ಇರಲಿಲ್ಲ. ಆರಡಿಗೂ ಮಿಕ್ಕ ಉದ್ದ. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ಅಭ್ಯಾಸವಾಗಿ ಬಯಲಲ್ಲೂ ಬಗ್ಗಿಯೇ ನಡೆಯುತ್ತಿದ್ದ. ನಕ್ಕರೆ ಹೊಳೆಯಾಚೆಗೆ ಕೇಳಬೇಕು. ಅಂಥವನಿಗೆ ಯಾರ ಕಣ್ಣಿಗೂ ಬೀಳದಂತೆ ಆಗಬೇಕೆಂಬ ಹುಚ್ಚು ಹಿಡಿಯಿತು. ನಾನು ಅವನ ಪಕ್ಕದ ಮನೆಯವ. ನಮ್ಮ ಗದ್ದೆಗೂ ಅವನ ಗದ್ದೆಗೂ ನಡುವೆ ಒಂದು ಬದು ಮಾತ್ರ. ಆದ್ದರಿಂದ ಇಲ್ಲಿ ಹೇಳುವುದು ಸಂತೆಯಲ್ಲಿ ಕೇಳಿದ ಸುದ್ದಿಯಲ್ಲ.

ಅವನಿಗೆ ಇದ್ದದ್ದು ಒಂದು ತುಂಡು ಗದ್ದೆ, ಗೂಡಿನಲ್ಲಿ ಒಂದು ಹೆಣ್ಣು ಹಂದಿ, ಒಂದು ಹಸು ಮತ್ತು ಯಮುನ ಎಂಬ ಹೆಂಡತಿ. ಕಾಫಿ ಪಿಕ್ಕಿಂಗಿನ ಕಾಲದಲ್ಲಿ ಎಸ್ಟೇಟಿಗೆ ಹೋಗಿ ಗೋಣಿಚೀಲ ಹೊಲಿಯುತ್ತಿದ್ದ. ದಬ್ಬಳ ಹಿಡಿದರೆ ಅವನ ಹೊಲಿಗೆ ಗಟ್ಟಿ, ಒಪ್ಪಿಕೊಳ್ಳೋಣ. ಬೇಟೆಯಲ್ಲಿ ಮಾತ್ರ ಅವನ ಹೊಲಿಗೆ ಬಿಚ್ಚಿಹೋಗುತ್ತಿತ್ತು. ಹಿಂದಿನ ವರ್ಷ ಕಾಡಂಚಿನಲ್ಲಿ ಒಂಟಿ ಕಾಡುಹಂದಿಯೊಂದು ಎದುರಿಗೆ ಬಂದಾಗ, ಅಜ್ಜನ ಕಾಲದ ಕೋವಿಯನ್ನು ಹೊಳೆಯ ಗುಂಡಿಗೆ ಎಸೆದು ಮರ ಹತ್ತಿದ. ಹಂದಿ ತಿರುಗಿಯೂ ನೋಡದೆ ಹೋಯಿತು. ಕೋವಿ ಮಾತ್ರ ಸಿಗಲಿಲ್ಲ.

ಬೇರೆ ಊರಲ್ಲಾದರೆ ಇದು ನಷ್ಟ, ನಮ್ಮ ಕೊಡಗಿನಲ್ಲಿ ಅವಮಾನ. ಇಲ್ಲಿ ಗಂಡು ಹುಟ್ಟಿದರೆ ಮನೆಯಂಗಳದಿಂದ ಒಂದು ಗುಂಡು ಹಾರುತ್ತದೆ, ಸಾವಾದರೆ ಒಂದರ ಹಿಂದೆ ಒಂದು ಎರಡು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗಲೂ ಗುಂಡು. ಆ ವರ್ಷ ಮಾಯಿಲಪ್ಪ ಕತ್ತಿಗೆ, ಯಮುನಳ ಕುಡುಗೋಲಿಗೆ ಹೂವಿಟ್ಟು ಪೂಜೆ ಮುಗಿಸಿದ. ಪುತ್ತರಿಯಲ್ಲಿ ನಮ್ಮ ಗದ್ದೆಯ ಗುಂಡು ಕೇಳಿಸಿಕೊಂಡು ಅದನ್ನೇ ತನ್ನದೆಂದು ಕದಿರು ಕೊಯ್ದ. ಪಕ್ಕದ ಗದ್ದೆಯ ಗುಂಡೇ ನಿನಗೂ ಸಾಕಾಯಿತೇ ಎಂದು ಊರೆಲ್ಲ ಕೇಳಿತು. ಅವನು ನಗಲಿಲ್ಲ. ಊಟ ಅರ್ಧ ಬಿಟ್ಟು ಏಳತೊಡಗಿದ. ಯಮುನ ಏನೂ ಹೇಳಲಿಲ್ಲ, ಅವಳು ಹೇಳದೆ ಇದ್ದದ್ದನ್ನು ಅವನು ತಪ್ಪು ಅರ್ಥ ಮಾಡಿಕೊಂಡ.

ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿದ್ದ ಕಾಲ ಅದು. ಮಳೆ ಹೆಚ್ಚಾದರೂ ಮೈಸೂರಿಗೆ ಸೇರಿದ್ದಕ್ಕೆ, ಬಸ್ಸು ತಡವಾದರೂ ಮೈಸೂರಿಗೆ ಸೇರಿದ್ದಕ್ಕೆ. ಹಾಗೆಯೇ ಆ ಒಂಟಿ ಹಂದಿ ಕೊಬ್ಬಿದ್ದೂ ಅದಕ್ಕೇ ಎಂದು ಹಿರಿಯರು ತೀರ್ಮಾನಿಸಿದರು. ಅದು ಗದ್ದೆಯ ಪೈರು ಉರುಳಿಸಿತು, ಗೆಣಸು ಅಗೆಯಿತು, ಕೊನೆಗೆ ಎಸ್ಟೇಟಿನ ದೊರೆಯ ಗುಲಾಬಿ ತೋಟಕ್ಕೂ ನುಗ್ಗಿತು. ಬಡವರ ಗೆಣಸು ಹೋದಾಗ ಸುಮ್ಮನಿದ್ದ ದೊರೆ ಗುಲಾಬಿ ಹೋದಾಗ ಬಹುಮಾನ ಸಾರಿದ. ಹಂದಿಯ ಬಾಲ ತಂದು ತೋರಿಸಿದವನಿಗೆ ಹೊಸ ಕೋವಿ.

ಕೋವಿ ಎಂದ ಕೂಡಲೆ ಮಾಯಿಲಪ್ಪನ ಕಿವಿ ನೆಟ್ಟಗಾಯಿತು. ಮರ ಹತ್ತುವ ಕಾಲಿಗೆ ಧೈರ್ಯ ಕಲಿಸುವುದು ಕಷ್ಟ ಎಂದು ಅವನಿಗೇ ಗೊತ್ತಿತ್ತು. ಆದ್ದರಿಂದ ಹಂದಿಗೆ ಕಾಣದಂತಾಗಬೇಕು, ಕಂಡರೂ ಅದರ ಕೋರೆ ತಾಗದಂತಾಗಬೇಕು ಎಂದು ಲೆಕ್ಕ ಹಾಕಿ ಅಂಗಿ ಹೊಲಿಯಲು ಕುಳಿತ.

ಆ ಅಂಗಿಯನ್ನು ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ಕಾಲಿಗೆ ಸೀಮೆಎಣ್ಣೆ ಡಬ್ಬದ ತಗಡು, ತೊಡೆಗೆ ಬಸ್ಸಿನ ಹಳೇ ಟಯರು, ಎದೆಗೆ ದನದ ಕೊಟ್ಟಿಗೆಯ ಮಾಡಿನಿಂದ ಕಿತ್ತ ಝಿಂಕ್ ಶೀಟು. ತಗಡಿಗೆ ತಗಡು ತಾಗಿ ಸದ್ದಾಗಬಾರದೆಂದು ನಡುವೆ ಗೋಣಿ, ಗೋಣಿಯೊಳಗೆ ಕಾಫಿ ಹೊಟ್ಟು. ತಲೆಗೆ ಯಮುನಳ ಕಡುಬು ಬೇಯಿಸುವ ಪಾತ್ರೆ. ಅದರ ತೂತಿನ ತಟ್ಟೆ ಮುಖದ ಮುಂದೆ ಬರುವಂತೆ ಕಟ್ಟಿದ್ದ, ಹಬೆ ಬರುವ ತೂತಿನಿಂದ ಅವನು ಲೋಕ ನೋಡುತ್ತಿದ್ದ. ಪ್ರತಿ ತುಂಡೂ ಬೇರೆ ಬೇರೆ, ಬೇಕಾದಂತೆ ಕೊಕ್ಕೆಯಲ್ಲಿ ಸಿಕ್ಕಿಸಬಹುದು, ಬಿಚ್ಚಬಹುದು. ಇದೆಲ್ಲದರ ಮೇಲೆ ಮೂರು ಬಗೆಯ ಹೊದಿಕೆ: ತೋಟಕ್ಕೆ ಹೋದರೆ ಕಾಫಿ ಎಲೆಯದು, ಕಾಡಂಚಿಗೆ ಜರಿಗಿಡದ್ದು, ಗದ್ದೆಗೆ ಹುಲ್ಲಿನದು. ವಾಸನೆ ಅಡಗಲು ಸಗಣಿ ಮತ್ತು ಕಿತ್ತಳೆ ಸಿಪ್ಪೆ ಉಜ್ಜಿದ. ಕೊಕ್ಕೆಗಳೆಲ್ಲ ಬೆನ್ನ ಹಿಂದೆ, ಯಮುನ ಬಂದು ಬಿಚ್ಚಿದರೆ ಮಾತ್ರ ಅವನಿಗೆ ಬಿಡುಗಡೆ. ಕಡುಬಿನ ಪಾತ್ರೆ ಹೋದದ್ದಕ್ಕೆ ಅವಳು ಒಂದು ವಾರ ಬರಿ ಅನ್ನ ಮಾಡಿ ಹಾಕಿದಳು.

ಅಂಗಿಯ ಪರೀಕ್ಷೆಯಾಯಿತು. ಕಾಫಿ ಎಲೆ ತೊಟ್ಟು ತೋಟದಲ್ಲಿ ನಿಂತಾಗ ಪಿಕ್ಕಿಂಗಿನ ಹೆಂಗಸೊಬ್ಬಳು ಅವನ ಕೈಯನ್ನೇ ಬಗ್ಗಿಸಿ ಹಣ್ಣು ಹುಡುಕಿ, ಈ ಗಿಡ ಬಂಜೆ ಎಂದು ಬೈದು ಹೋದಳು. ಹುಲ್ಲು ತೊಟ್ಟು ಅಂಗಳದಲ್ಲಿ ಕುಳಿತಾಗ ಅವನದೇ ಹಸು ಅವನ ಎಡ ಭುಜ ಮೇಯ್ದಿತು. ನಮ್ಮ ಮನೆಯ ಕೋಳಿ ಅವನ ಮಡಿಲಲ್ಲಿ ಮೊಟ್ಟೆ ಇಟ್ಟಿತು. ಆ ಮೊಟ್ಟೆಯನ್ನು ಅವನು ಮನೆಮನೆಗೆ ತಂದು ತೋರಿಸಿದ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ ಎಂದು ನಾನು ಅಂದುಬಿಟ್ಟೆ, ಅವನಿಗೆ ಬೇಸರವಾಯಿತು.

ಕೋವಿಯಿಲ್ಲದೆ ಹಂದಿ ಹೊಡೆಯುವುದು ಹೇಗೆ? ಊರಿನ ಹಿರಿಯ ಅಪ್ಪಯ್ಯಜ್ಜನ ಹತ್ತಿರ ಜೋಡುನಳಿಗೆ ಕೋವಿಯಿತ್ತು. ಅಪ್ಪಯ್ಯಜ್ಜ ಕಟ್ಟಳೆಯ ಮನುಷ್ಯ. ಯಾವ ಕಾಲಿಗೆ ಮೊದಲು ಚಪ್ಪಲಿ ಹಾಕಬೇಕು ಎಂಬುದಕ್ಕೂ ಅವರಲ್ಲಿ ಒಂದು ಕ್ರಮ. ಅವರ ಗೆಣಸೂ ಹೋಗಿದ್ದರಿಂದ, ಹೊಳೆಗೆ ಮಾತ್ರ ಎಸೆಯಬೇಡ ಎಂದು ಹೇಳಿ, ಎರಡು ತೋಟೆ ಸಮೇತ ಕೋವಿ ಕೊಟ್ಟರು.

ಪುತ್ತರಿಗೆ ಇನ್ನೂ ಸ್ವಲ್ಪ ದಿನವಿತ್ತು. ಮಂಜು ಇಳಿದ ಒಂದು ಬೆಳಿಗ್ಗೆ ಯಮುನ ಅವನಿಗೆ ಹುಲ್ಲಿನಂಗಿ ತೊಡಿಸಿ, ಕೊಕ್ಕೆ ಹಾಕಿ, ಬಟ್ಟೆ ಒಗೆಯಲು ತೋಡಿಗೆ ಹೋದಳು. ಅವನು ಗದ್ದೆಗಿಳಿಯುವ ಮೊದಲೇ ಹಂದಿ ಅಂಗಳಕ್ಕೆ ಬಂತು. ಅದಕ್ಕೆ ಬೇಕಿದ್ದದ್ದು ಗದ್ದೆಯಲ್ಲ, ಗೂಡಿನಲ್ಲಿದ್ದ ಹೆಣ್ಣು. ಮಾಯಿಲಪ್ಪ ಹುಲ್ಲುರಾಶಿಯ ಪಕ್ಕ ಉಸಿರು ಹಿಡಿದು ನಿಂತ. ಅಂಗಿ ಎಷ್ಟು ಚೆನ್ನಾಗಿತ್ತೆಂದರೆ ಹಂದಿ ಬಂದು ಅವನಿಗೇ ಬೆನ್ನು ಉಜ್ಜತೊಡಗಿತು. ಒಂದು ಬದಿ ಉಜ್ಜಿ, ತಿರುಗಿ, ಇನ್ನೊಂದು ಬದಿಯನ್ನೂ ಉಜ್ಜಿತು. ಅಷ್ಟು ಹತ್ತಿರದಲ್ಲಿ ಕೋವಿ ತಿರುಗಿಸಲು ಜಾಗವಿರಲಿಲ್ಲ, ಹತ್ತಲು ಮರವೂ ಇರಲಿಲ್ಲ. ನಡುಕಕ್ಕೆ ಮೊದಲನೆ ಗುಂಡು ಆಕಾಶಕ್ಕೆ ಹಾರಿತು. ಬೆಚ್ಚಿದ ಹಂದಿ ಅವನ ಎದೆಯ ತಗಡಿಗೆ ಗುದ್ದಿತು. ಅವನು ಬೀಳುತ್ತ ಬೀಳುತ್ತ ಎರಡನೆಯದನ್ನೂ ಹಾರಿಸಿದ, ಅದು ಹಂದಿಯ ಕುತ್ತಿಗೆಗೆ ಹೋಯಿತು. ಹಂದಿ ಅಲ್ಲೇ ಬಿತ್ತು. ಮಾಯಿಲಪ್ಪ ಹುಲ್ಲುರಾಶಿಯ ಮೇಲೆ ಬಿದ್ದ, ಕೋವಿ ಹುಲ್ಲಿನೊಳಗೆ ಹೂತುಹೋಯಿತು. ತಗಡು ಬಾಗಿ ಎರಡು ಕೈಯನ್ನೂ ಕಚ್ಚಿಕೊಂಡಿತು, ಕಡುಬಿನ ಪಾತ್ರೆ ಗಲ್ಲದವರೆಗೆ ಇಳಿದು ಬಾಯಿ ಮುಚ್ಚಿತು. ಉಸಿರಾಡಲು ಹಬೆಯ ತೂತು ಮಾತ್ರ ಉಳಿಯಿತು.

ಊರಿಗೆ ಕೇಳಿದ್ದು ಮನೆಯಂಗಳದಿಂದ ಹಾರಿದ ಎರಡು ಗುಂಡು.

ನಾನು ಕಾಫಿ ಲೋಟ ಕೆಳಗಿಟ್ಟೆ. ಎಲ್ಲ ಮನೆಯಲ್ಲೂ ಇಟ್ಟರು. ಎರಡು ಗುಂಡು ಕೇಳಿದ ಮೇಲೆ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೋಗುವುದು ನಮ್ಮ ಕ್ರಮ. ಅದು ತನ್ನದೇ ಕೋವಿಯ ದನಿ ಎಂದು ಅಪ್ಪಯ್ಯಜ್ಜ ದಾರಿಯಲ್ಲೇ ಹೇಳಿದರು. ಅತ್ತ ತೋಡಿನಲ್ಲಿ ಯಮುನಳೂ ತನ್ನ ಮನೆಯ ಕಡೆಯಿಂದ ಎರಡು ಗುಂಡು ಕೇಳಿ, ಬಟ್ಟೆ ಅಲ್ಲೇ ಬಿಟ್ಟು ಓಡಿಬಂದಳು. ಗದ್ದೆಯ ಬದುವಿನ ಮೇಲೆ ನಮಗೂ ಅವಳಿಗೂ ಮುಖಾಮುಖಿಯಾಯಿತು. ಆ ಮನೆಯಲ್ಲಿ ಇರುವುದೇ ಇಬ್ಬರು, ಯಮುನ ಬದುಕಿದ್ದಾಳೆ, ಅಂದಮೇಲೆ ಸತ್ತವನು ಮಾಯಿಲಪ್ಪ ಎಂದು ನಮಗೆ ಖಚಿತವಾಯಿತು. ಊರೆಲ್ಲ ಬಿಳಿ ಉಟ್ಟು ಬರುವುದನ್ನು ಕಂಡು ಅವಳಿಗೂ ಖಚಿತವಾಯಿತು. ಸಾವಿನ ಮನೆಗೆ ಹೋಗುವವರು ಸತ್ತವರು ಯಾರು ಎಂದು ಕೇಳಬಾರದು ಎಂಬುದು ಅಪ್ಪಯ್ಯಜ್ಜನ ಇನ್ನೊಂದು ಕಟ್ಟಳೆ. ಹಾಗಾಗಿ ಯಾರೂ ಕೇಳಲಿಲ್ಲ.

ಅಂಗಳದಲ್ಲಿ ಹಂದಿ ಬಿದ್ದಿತ್ತು. ಹೆಣ ಒಳಗಿರಬೇಕೆಂದು ನಾವು ಗಂಡಸರು ಹೊರಗೇ ಕುಳಿತೆವು. ಅಪ್ಪಯ್ಯಜ್ಜನಿಗೆ ಮೊಣಕಾಲು ನೋವು, ನೆಲಕ್ಕೆ ಕೂರಲಾರರು. ಹುಲ್ಲುರಾಶಿಯ ಮೇಲೆ ಕುಳಿತು ಎಲೆಯಡಿಕೆ ಬಿಚ್ಚಿದರು. ಯಮುನ ಒಳಗೆಲ್ಲ ಹುಡುಕಿ ಬಂದು, ಅವರನ್ನು ಎಲ್ಲಿ ಮಲಗಿಸಿದ್ದೀರಿ ಎಂದು ಕೇಳಿದಳು. ನಮಗೇನು ಗೊತ್ತು? ಗುಂಡು ಹಾರಿಸಿದವರು ಯಾರು ಎಂದು ನಾವು ಅವಳನ್ನು ಕೇಳಿದೆವು. ಹಂದಿ ಅವನನ್ನು ಎಲ್ಲಿಗೋ ಎಳೆದು ಹಾಕಿ ತಿರುಗಿ ಬಂದಿರಬೇಕು ಎಂದು ಅಪ್ಪಯ್ಯಜ್ಜ ಕುಳಿತಲ್ಲಿಂದಲೇ ತೀರ್ಪು ಕೊಟ್ಟರು.

ಯಮುನ ಮೆಟ್ಟಿಲ ಮೇಲೆ ಕುಸಿದಳು. ಮದುವೆಯಾಗಿ ಬಂದ ದಿನದಿಂದ ಅವಳ ದನಿ ನಮ್ಮ ಬದುವಿನವರೆಗೂ ಬಂದದ್ದು ನನಗೆ ನೆನಪಿಲ್ಲ. ಆ ದಿನ ಬಂತು.

"ಒಂದ್ ದಿನನೂ ನಂಗೆ ಕೋವಿ ಬೇಕೂಂತ ಇತ್ಲೆ, ಅಜ್ಜ. ಕೋವಿ ಇಲ್ಲದ ಮನೇಲಿ ನಾ ಸುಖಲೇ ಇದ್ದೆ. ಇವ್ರು ಇಲ್ಲದ ಮನೇಲಿ ಹೆಂಗೆ ಇರ್ದು?"

ಅಷ್ಟರಲ್ಲಿ ಅಪ್ಪಯ್ಯಜ್ಜನ ಕೆಳಗೆ ಹುಲ್ಲು ಅಳತೊಡಗಿತು. ಮೊದಲು ಬಿಕ್ಕಿತು, ಆಮೇಲೆ ಜೋರಾಗಿಯೇ ಅತ್ತಿತು. ಅಜ್ಜ ಎಲೆಯಡಿಕೆ ನುಂಗಿಬಿಟ್ಟರು. ತೂತಿನ ತಟ್ಟೆಯಿಂದ ದನಿಯೊಂದು ಸಣ್ಣಗೆ ಹೊರಬಂತು.

"ಅಜ್ಜ, ಚೂರು ಏಳಿ. ನಾ ಇಲ್ಲೇ ಒಳೆ."

ಯಮುನ ಓಡಿಬಂದಳು. ಬಂದವಳು ಮೊದಲು ಎರಡೂ ಕೈಯಿಂದ ಕಡುಬಿನ ಪಾತ್ರೆಗೆ ಚೆನ್ನಾಗಿ ಬಾರಿಸಿದಳು, ಒಳಗಿದ್ದವನಿಗೆ ಆಮೇಲೆ ಎರಡು ದಿನ ಕಿವಿ ಗುಂಯ್ಯೆನ್ನುತ್ತಿತ್ತು. ಬಳಿಕ ಅವನನ್ನು ಹೊರಳಿಸಿ ಕೊಕ್ಕೆ ಬಿಚ್ಚಿದಳು. ಪಾತ್ರೆ ಬಂತು, ಕಾಲಿನ ಡಬ್ಬ ಬಂತು, ಟಯರು ಬಂತು. ಎದೆಯ ತಗಡನ್ನು ನಾವು ನಾಲ್ಕು ಜನ ಸೇರಿ ಬಿಡಿಸಿದೆವು. ಅದು ಕಳಚಿದ ಕೂಡಲೆ ಅವಳು ಊರಿನವರೆದುರೇ ಅವನ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ನಮ್ಮಲ್ಲಿ ಅದು ಕ್ರಮವಲ್ಲ. ಅಪ್ಪಯ್ಯಜ್ಜ ಕೂಡ ಬೇರೆ ಕಡೆ ನೋಡಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಹಂದಿ ಬಿದ್ದಿದೆ, ಗಂಡ ಎದ್ದಿದ್ದಾನೆ, ಬಾಲ ಕೊಯ್ದು ಕೋವಿ ತರುವುದು, ಮಿಕ್ಕದ್ದನ್ನು ಪಾಲು ಮಾಡುವುದು. ಹಂದಿಯ ಕೊಬ್ಬು ನೋಡಿ ನಮ್ಮೆಲ್ಲರ ಬಾಯಲ್ಲಿ ಆಗಲೇ ನೀರು, ಕರಿಮೆಣಸು ಅರೆಯಲು ಹೇಳಿ ಕಳಿಸಿದವರೂ ಇದ್ದರು. ಆದರೆ ಅಪ್ಪಯ್ಯಜ್ಜ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಎರಡ್ ಗುಂಡು ಹಾರ್ತ್, ಊರ್ ಬಾತ್, ಹೆಂಗ್ಸು ಮರ್ಡ್‌ತ್. ಕರೆದ ಸಾವ್‌ನ ಬರಿಗೈಲಿ ಕಳ್ಸಿಕೆ ಉಟ್ಟಾ?"

ಊರು ಬಂದು ಹೆಂಗಸು ಅತ್ತ ಮೇಲೆ, ಸಾವನ್ನು ಬರಿಗೈಲಿ ಕಳಿಸಬಹುದು ಎಂದು ಹೇಳುವ ಎದೆ ಯಾರಿಗೂ ಇರಲಿಲ್ಲ. ಈ ಅಂಗಳದಿಂದ ಒಂದು ಜೀವ ಇಡಿಯಾಗಿ ಮಣ್ಣಿಗೆ ಹೋಗಬೇಕು, ಇಲ್ಲವಾದರೆ ಸಾವು ಇನ್ನೊಮ್ಮೆ ಈ ಮನೆಯ ಬಾಗಿಲಿಗೆ ಬರುತ್ತದೆ ಎಂದು ಅಜ್ಜ ವಿವರಿಸಿದರು. ಸತ್ತದ್ದು ಹಂದಿ, ಆದ್ದರಿಂದ ಹಂದಿಗೇ ಬಿಳಿ ಬಟ್ಟೆ. ಸೂತಕ ಬೇಡ, ಅದು ನೆಂಟನಲ್ಲ. ಆದರೆ ಕತ್ತಿ ತಾಗಬಾರದು, ಮಾಂಸವಿಲ್ಲ, ಬಾಲವೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಗೊಣಗಿದೆ. ಆಮೇಲೆ ಅಜ್ಜ ಮಾಯಿಲಪ್ಪನ ಕಡೆ ತಿರುಗಿ, ಹಂದಿ ನಿನ್ನದು, ಬಾಲ ಬೇಕಾದರೆ ಕೊಯ್ದುಕೋ, ಮುಂದಿನದಕ್ಕೆ ನಾನು ಹೊಣೆಯಲ್ಲ ಎಂದರು.

ಮಾಯಿಲಪ್ಪ ಹಂದಿಯ ಬಾಲವನ್ನೇ ನೋಡುತ್ತ ನಿಂತ. ಇಷ್ಟುದ್ದದ ಬಾಲ, ತುದಿಯಲ್ಲಿ ನಾಲ್ಕು ಕೂದಲು. ಒಂದು ವರ್ಷದಿಂದ ಅವನನ್ನು ಅರ್ಧ ಊಟದಿಂದ ಏಳಿಸುತ್ತಿದ್ದ ಕೋವಿ ಅದರಲ್ಲಿತ್ತು. ಯಮುನ ಒಳಗೆ ಹೋಗಿ ಕತ್ತಿ ತಂದು ಅವನ ಕೈಗೆ ಕೊಟ್ಟಳು.

"ನಿಮ್ಗೆ ಬೇಕಾರೆ ಕೊಯ್ಕಣಿ. ನನ್ನ ಅಡ್ಡಿ ಇಲ್ಲೆ."

ಅವನು ಕತ್ತಿಯನ್ನು ಮೆಟ್ಟಿಲ ಮೇಲಿಟ್ಟು, ಗುದ್ದಲಿ ಎಲ್ಲಿ ಎಂದು ಕೇಳಿದ.

ಗದ್ದೆಯ ಮೇಲಿನ ಬಾಣೆಯ ಹುಲ್ಲುದಿಣ್ಣೆಯಲ್ಲಿ ಗುಂಡಿ ತೋಡಿದೆವು. ಅಷ್ಟು ದೊಡ್ಡ ಹಂದಿಯನ್ನು ಹೊತ್ತು ನಡೆಯುವಾಗ ಗಂಡಸರೆಲ್ಲ ಅತ್ತರು, ಏಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಸತ್ತವರ ಬಟ್ಟೆ ಸತ್ತವರ ಜೊತೆಗೇ ಹೋಗಬೇಕೆಂದು ಅಜ್ಜ ಅಂಗಿಯನ್ನೂ ಹಾಕಿಸಿದರು. ಡಬ್ಬ, ಟಯರು, ಝಿಂಕ್ ಶೀಟು, ಮೂರು ಹೊದಿಕೆ ಎಲ್ಲ ಹೋಯಿತು. ಕಡುಬಿನ ಪಾತ್ರೆಯನ್ನು ಮಾತ್ರ ಯಮುನ ಕೊಡಲಿಲ್ಲ. ಕೊನೆಗೆ, ಮೊದಲ ಹಿಡಿ ಮಣ್ಣು ಹತ್ತಿರದವರದಾಗಿರಬೇಕು, ಹಂದಿಗೆ ಹತ್ತಿರದವರು ಯಾರು ಎಂಬ ಪ್ರಶ್ನೆ ಬಂತು. ಅಪ್ಪಯ್ಯಜ್ಜನ ಕಟ್ಟಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಯಮುನ ಹೆಂಗಸರ ಗುಂಪಿನಿಂದ ಮುಂದೆ ಬಂದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು.

"ಇವ್ರ ಬದ್ಲಿಗೆ ಹೋದ ಜೀವ ನೀನ್" ಎಂದು ಹಂದಿಗೆ ಹೇಳಿ ಮಣ್ಣು ಹಾಕಿದಳು. ನಮ್ಮಲ್ಲಿ ಯಾರೂ ನಗಲಿಲ್ಲ.