ಹುಳದ ಮೀಸೆ, ಅಮ್ಮನ ಮೂಗು

ಐದು ವರ್ಷ ನಾನು ಮಾಡಿದ ಘನಂದಾರಿ ಸಂಶೋಧನೆ ಇಷ್ಟೇ: ಹೆಸರುಕಾಳು ಕೊರೆಯುವ ಪುಟ್ಟ ದುಂಬಿಯ ಮೀಸೆಯ ಮೇಲಿನ ಕೂದಲು ನೋಡುವುದು. ಗಂಡುಹುಳಕ್ಕೆ ಬಾಚಣಿಗೆಯಂಥ ಮೀಸೆ. ಅದರ ತುಂಬ ಬರಿಗಣ್ಣಿಗೆ ಕಾಣದ ಕೂದಲು, ಕೂದಲಿನಲ್ಲಿ ಇನ್ನೂ ಸಣ್ಣ ತೂತುಗಳು. ವಾಸನೆ ಒಳಹೋಗುವುದು, ಹೆಣ್ಣೆಲ್ಲಿದೆ ಎಂದು ಗಂಡಿಗೆ ತಿಳಿಯುವುದು ಅಲ್ಲಿಂದಲೇ. ಡಾಕ್ಟರೇಟ್ ಸಿಕ್ಕ ಮೇಲೂ ಈ ಚಟ ಬಿಟ್ಟಿಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನೆರೆಯವರು ಮಾತ್ರ ಡಾಕ್ಟರೆಂದುಕೊಂಡು ನನ್ನನ್ನು ಜ್ವರದ ಮಾತ್ರೆ ಕೇಳುತ್ತಾರೆ.

ಹುಳಕ್ಕಾಗಿ ಅಂಗಡಿ ಅಂಗಡಿ ಅಲೆದೆನೇ ಹೊರತು ಭದ್ರಾವತಿಯ ತವರಿನಲ್ಲಿ ಕೇಳಲಿಲ್ಲ. ಅಮ್ಮನ ಡಬ್ಬಿಯಲ್ಲಿ ಹುಳ ಬದುಕಿದ್ದೇ ಇಲ್ಲ. ಮುಚ್ಚಳ ತೆಗೆದು ಒಮ್ಮೆ ಮೂಸಿದಳೆಂದರೆ ಕಾಳು ಬಿಸಿಲಿಗೆ. ಅಡುಗೆಗೂ ಅದೇ ಮೂಗು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲವಲ್ಲ. ಸಾರಿನ ಹಬೆ ಎಳೆದುಕೊಂಡೇ ಉಪ್ಪು ಸಾಕೋ ಬೇಕೋ ಹೇಳುತ್ತಿದ್ದಳು. ದೇವರಂತೂ ಒಂದು ದಿನವೂ ದೂರಿರಲಿಲ್ಲ.

ಹೋದ ವರ್ಷ ಒಂದು ಭಾನುವಾರ ಹೋದರೆ ಸಾರು ಬಾಯಿಗಿಡಲಾರದಷ್ಟು ಉಪ್ಪು. ಅಪ್ಪನ ಜೊತೆ ಸೇರಿ ನಾನೂ ಗೇಲಿ ಮಾಡಿದೆ. ಹೆಸರುಕಾಳಿನ ಡಬ್ಬಿ ತೆಗೆದರೆ ಹುಳಗಳ ಸಂತೆ. ಖುಷಿಯಿಂದ ಡಬ್ಬಿಯನ್ನೇ ಹೊತ್ತು ತಂದೆ.

ಆ ವಾರ ಪ್ರಯೋಗಾಲಯದಲ್ಲಿ ಅದೇ ಡಬ್ಬಿಯ ಗಂಡೊಂದರ ಮೀಸೆ ಕತ್ತರಿಸಿ ಹೆಣ್ಣಿದ್ದ ತಟ್ಟೆಗೆ ಬಿಟ್ಟೆ. ಪಾಪ, ಹೆಣ್ಣಿನ ಪಕ್ಕದಲ್ಲೇ ಹಾದುಹೋಯಿತು, ಏನೂ ಗೊತ್ತಾಗದೆ. ಬರೆಯುತ್ತಿದ್ದ ಕೈ ನಿಂತಿತು. ಅಮ್ಮನೂ ಆ ಡಬ್ಬಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಹೀಗೇ ಓಡಾಡಿದ್ದಾಳೆ. ವಾಸನೆಯ ಮೇಲೆ ಪದವಿ ಪಡೆದವಳಿಗೆ ಹೆತ್ತವಳ ಮೂಗು ಹೋದದ್ದು ತಿಳಿದಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಂದಿನ ಭಾನುವಾರ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. ಯಾವುದೋ ಹಾಳು ಜ್ವರ ಬಂದು ಹೋದಾಗಿನಿಂದ ಹೀಗಂತೆ. ಅಪ್ಪನಿಗೆ ತಿಳಿದರೆ ಅಡುಗೆಯವರನ್ನು ಇಟ್ಟುಬಿಡುತ್ತಾರೆ, ತನ್ನ ಒಲೆ ತಪ್ಪಿಹೋಗುತ್ತದೆ ಎಂದು ಬಾಯಿ ಬಿಟ್ಟಿರಲಿಲ್ಲ.

"ಯಾರಿಗೂ ಹೇಳ್ಬೇಡ ಮಾರಾಯ್ತಿ. ಬಾ, ನೀನೇ ಮೂಸಿ ಹೇಳು."

ಸಾರಿನ ಮೇಲೆ ಬಗ್ಗಿ ಎದೆ ತುಂಬ ಎಳೆದುಕೊಂಡೆ. ಇಂಗು ಸಿಕ್ಕಿತು, ಕರಿಬೇವು ಸಿಕ್ಕಿತು. ಉಪ್ಪಿನ ಸುಳಿವೇ ಇಲ್ಲ. ಇಷ್ಟು ಓದಿ ಗೊತ್ತಾಗಲಿಲ್ಲ ಎನ್ನುವುದು ಹೇಗೆ? ಸರಿಯಾಗಿದೆ ಎಂದುಬಿಟ್ಟೆ.

ನೈವೇದ್ಯವಾಗಿ ಊಟಕ್ಕೆ ಕುಳಿತಾಗ ಅಪ್ಪ ಮೊದಲ ತುತ್ತಿಗೇ ಮುಖ ಕಿವುಚಿ, ಸಾರಿಗೆ ಉಪ್ಪೇ ಬಿದ್ದಿಲ್ಲ ಎಂದರು. ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇವತ್ತು ಉಪ್ಪು ನೋಡಿದ್ದು ನಾನಲ್ಲ, ನಿಮ್ಮ ಡಾಕ್ಟ್ರು."

"ಇನ್ಮೇಲೆ ಇವಳನ್ನ ಒಲೆ ಹತ್ರ ಬಿಡ್ಬೇಡ," ಅಂದರು ಅಪ್ಪ. "ಅಡುಗೆ ಏನಿದ್ರೂ ನೀನೇ ಮಾಡು."

ಅಮ್ಮ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ನಾನು ಉಪ್ಪಿನ ಬಟ್ಟಲನ್ನು ಅಪ್ಪನ ಕಡೆ ಸರಿಸಿದೆ.