ಮಾವನ ಹರಕೆ, ನನ್ನ ಅಂಗಾಲು

ಮುಖಕ್ಕೆ ಕನ್ನಡಿ ಹಿಡಿಯುವ ವಯಸ್ಸು ದಾಟಿ ಅಂಗಾಲಿಗೆ ಹಿಡಿಯುವ ವಯಸ್ಸು ನನಗೆ ಬಂದಿದೆ. ಶುಗರ್ ಇರುವವರು ದಿನಾ ಪಾದ ನೋಡಿಕೊಳ್ಳಬೇಕಂತೆ. ಇವತ್ತು ಬೆಳಿಗ್ಗೆ ಮಂಚದ ಮೇಲೆ ಕೂತು, ಹೊಟ್ಟೆಯನ್ನು ಅತ್ತಿತ್ತ ಸರಿಸಿ ಕನ್ನಡಿ ಹಿಡಿದರೆ, ಹಿಮ್ಮಡಿಯಲ್ಲೊಂದು ಕೆಂಪು ಗೀರು ಕಂಡಿತು. ಕೂಡಲೇ ಮುನಿಯಪ್ಪ ಮಾವನ ನೆನಪಾಯಿತು. ಕನ್ನಡಿ ಕೊಡಿಸಿದ್ದೂ ಅವರೇ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಬೈಯಪ್ಪನಹಳ್ಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ; ಈಗ ಅದೇ ನೆಲದಲ್ಲಿ ಬಾಡಿಗೆ ರೂಮುಗಳು ಬೆಳೆದು ನಿಂತಿವೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆ ಮಾವ ಹೊಸ ಬೂಟು ಹಾಕಿಕೊಂಡು ಹೋದರು. ಮೊಮ್ಮಗಳ ಚೌಕಾಬಾರದ ಹುಣಸೆ ಬೀಜವೊಂದು ಅದರೊಳಗೆ ಸೇರಿತ್ತು. ಛತ್ರದ ತುಂಬ ಅದನ್ನು ತುಳಿದುಕೊಂಡೇ ಓಡಾಡಿದರೂ ಅವರಿಗೆ ಗೊತ್ತಾಗಲಿಲ್ಲ. ಸಕ್ಕರೆ ಪಾದದ ಅರಿವನ್ನೇ ತಿಂದುಹಾಕಿತ್ತು. ಸಂಜೆ ಕಾಲುಚೀಲ ಬಿಚ್ಚಿದಾಗ ಹೆಬ್ಬೆರಳ ಬುಡದಲ್ಲಿ ರಕ್ತ.

"ಮೊಳಕೆ ಒಡೀಲಿಲ್ವಲ್ಲ, ಪುಣ್ಯ" ಎಂದರು ಅತ್ತೆ.

ವಾರಗಳು ಕಳೆದರೂ ಗಾಯ ಮಾಯಲಿಲ್ಲ. ಬೆರಳು ಉಳಿಯುವುದೇ ಅನುಮಾನವಾಯಿತು. ಶಿವಾಜಿನಗರದ ಡಾಕ್ಟರಮ್ಮ ಬಿಡಿಸಿ ಹೇಳಿದರು: "ನೋಡಿ ಅಂಕಲ್, ಗಾಯ ವಾಸಿಯಾಗ್ಬೇಕಂದ್ರೆ ಅಲ್ಲಿಗೆ ಹೊಸ ರಕ್ತನಾಳ ಚಿಗುರ್ಬೇಕು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಅವು ಸರಿಯಾಗಿ ಚಿಗುರಲ್ಲ."

"ಗೊಬ್ಬರ ಜಾಸ್ತಿ ಬಿದ್ರೆ ಬೇರು ಸುಟ್ಟೋಗ್ತದಲ್ಲ, ಹಂಗೆ" ಎಂದು ಮಾವ ತಲೆಯಾಡಿಸಿದರು. ಸದ್ಯ, ಅರ್ಥವಾಯಿತಲ್ಲ ಎಂದು ನಾವು ಸಮಾಧಾನಪಟ್ಟೆವು. ಅವರು ಮನೆಗೆ ಬಂದವರೇ ದೇವರ ಮುಂದೆ ನಿಂತು ಹರಕೆ ಹೊತ್ತರು: ಗಾಯ ವಾಸಿಯಾದರೆ ಹಲಸೂರಿನ ದೇವಸ್ಥಾನಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆ.

ಇದಕ್ಕೇನನ್ನುತ್ತೀರಿ? ಹಳೆಯ ಗಾಯ ಹೋಗಲೆಂದು ಹೊಸ ಗಾಯಕ್ಕೆ ಮುಂಗಡ ಬುಕಿಂಗ್.

ಪಥ್ಯ, ಇನ್ಸುಲಿನ್, ಡ್ರೆಸಿಂಗ್, ಕಾಲೂರದಂತೆ ವಿಶ್ರಾಂತಿ ಎಲ್ಲ ಸೇರಿ ಬೆರಳು ಉಳಿಯಿತು. ಮಾವ ಚಪ್ಪಲಿ ಬಿಟ್ಟು ಹೊರಟೇಬಿಟ್ಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಡಾಕ್ಟರಮ್ಮ ಫೋನಿನಲ್ಲಿ ಗದರಿದರು. ದೇವರಿಗೆ ಮಾತು ಕೊಟ್ಟಾಗಿದೆ ಎಂದು ಮಾವ ಹಟ ಹಿಡಿದರು. ಕೊನೆಗೆ ಅತ್ತೆಯ ಕಣ್ಣು ನನ್ನ ಪಾದದ ಮೇಲೆ ಬಿತ್ತು. "ಇವನಿಗೆ ಶುಗರ್ ಇಲ್ವಲ್ಲ."

ಹೀಗೆ ಮಾವನ ಹರಕೆಯನ್ನು ನಾನು ನಡೆದೆ. ಹಳೆ ಮದ್ರಾಸು ರಸ್ತೆಯಲ್ಲಿ, ಮೆಟ್ರೊ ನೆರಳಿನಲ್ಲಿ, ಪಕ್ಕದಲ್ಲೇ ತೆವಳುವ ಆಟೋ. ಒಳಗೆ ದಪ್ಪ ಕಾಲುಚೀಲದ ಮಾವ. "ಭಕ್ತಿಯಿಂದ ನಡಿಯೋ, ಹರಕೆ ನಂದು." ಇಂದಿರಾನಗರದಲ್ಲಿ ಟ್ರ್ಯಾಕ್ ಪ್ಯಾಂಟಿನ ಒಬ್ಬರು ನನ್ನ ಕಾಲು ನೋಡಿ, "ಬೇರ್‌ಫುಟ್ ವಾಕಿಂಗಾ ಸರ್? ಹೆಲ್ತ್‌ಗೆ ತುಂಬಾ ಒಳ್ಳೇದು" ಎಂದು ಮೆಚ್ಚಿಕೊಂಡರು. ಹಲಸೂರು ತಲುಪುವಷ್ಟರಲ್ಲಿ ಕಾಲಿಗೆ ಗಾಜಿನ ಚೂರು ಚುಚ್ಚಿತ್ತು. ಆ ಗಾಯ ಯಾವಾಗ ಮಾಯಿತೋ, ನಾನು ಗಮನಿಸಲೂ ಇಲ್ಲ. ಅದೆಂಥ ಭಾಗ್ಯವೆಂದು ಆಗ ತಿಳಿಯಲಿಲ್ಲ.

ಈಗ ನನಗೂ ಶುಗರ್. ಬೆಳಗಿನ ಗೀರು ನೋಡಿ ನಿಜಕ್ಕೂ ಹೆದರಿಕೆಯಾಯಿತು. ಹರಕೆ ಹೊರೋಣವೆಂದರೆ ನಮ್ಮ ಮನೆತನದಲ್ಲಿ ಬರಿಗಾಲಲ್ಲಿ ನಡೆಸಬಹುದಾದ ಪ್ರಾಣಿ ಒಂದೂ ಉಳಿದಿಲ್ಲ. ಮಾವನಿಗೇ ಫೋನ್ ಮಾಡಿದೆ. ನನಗಾಗಿ ತಾವೇ ನಡೆಯಲು ಹೊರಟಾರೆಂದು ಅಂಜಿ, "ಹರಕೆ ಗಿರಕೆ ಬೇಡ ಮಾವ" ಎಂದು ಮೊದಲೇ ಹೇಳಿದೆ.

"ದೇವ್ರ ಹತ್ರ ಆಮೇಲೆ ಮಾತಾಡೋಣ" ಎಂದರು ಮಾವ. "ಮೊದ್ಲು ಡಾಕ್ಟರಮ್ಮನ ಹತ್ರ ಹೋಗ್ಬೇಕು. ನೀನು ಕಾಲು ಊರ್ಬೇಡ ಕಣೋ. ಆಟೋ ತಗೊಂಡು ಬರ್ತಾ ಇದೀನಿ."