ಗಂಗಮ್ಮ ತಿಂದ ಎರಡೆಲೆ

"ಟೀಚರ್ರೀ, ನಿಮ್ಮ ತಲಿನೋವಿನ ಗಿಡ ನಮ್ಮ ಹಿತ್ತಲಕ್ಕೂ ಬಂದೈತಿ ನೋಡ್ರಿ. ದಿನಾ ಎರಡೆಲಿ ತಿನ್ನಾಕ್ಹತ್ತೀನಿ!"

ಹೋದ ತಿಂಗಳು ಒಂದು ಬೆಳಿಗ್ಗೆ ಕಾಂಪೌಂಡ್ ಆಚೆಯಿಂದ ಪಕ್ಕದ ಮನೆಯ ಗಂಗಮ್ಮ ಹೀಗೆ ಕೂಗಿದಾಗ ನಾನು ಕೈಲಿದ್ದ ಪೊರಕೆ ಬಿಟ್ಟು ಕಾಂಪೌಂಡಿನತ್ತ ಓಡಿದೆ.

ನನಗೆ ಮೈಗ್ರೇನ್. ತಲೆನೋವಿಗೆ ಒಳ್ಳೆಯದೆಂದು ಎಲ್ಲೋ ಓದಿ, ಆನ್‌ಲೈನ್‌ನಲ್ಲಿ ಫೀವರ್‌ಫ್ಯೂ ಎಂಬ ಗಿಡದ ಬೀಜ ತರಿಸಿದ್ದೆ. ಸಣ್ಣ ಸೇವಂತಿಗೆಯಂಥ ಬಿಳಿ ಹೂವು, ಕಹಿ ಎಲೆ. ಹಗರಿಬೊಮ್ಮನಹಳ್ಳಿಯ ಬಿಸಿಲಿಗೆ ಬದುಕುವುದೇ ಡೌಟು ಅಂದುಕೊಂಡಿದ್ದೆ. ಚಳಿಗಾಲ ಮುಗಿಯುವಷ್ಟರಲ್ಲಿ ಕುಂಡ ಬಿಟ್ಟು, ಬಚ್ಚಲ ನೀರು ಹರಿಯುವಲ್ಲೆಲ್ಲ ಮೊಳೆತಿತ್ತು. ಬೀಜ ಕಟ್ಟುವ ಮೊದಲೇ ಹೂ ಕತ್ತರಿಸಬೇಕಿತ್ತು. ನಾನು ಫೋಟೋ ತೆಗೆಯುತ್ತ ಕೂತೆ. (ಸ್ಟೇಟಸ್ ಹಾಕಬೇಡವೇ?) ಕೇಳಿದವರಿಗೆಲ್ಲ ಲೆಕ್ಚರ್ ಬೇರೆ: "ತಲಿನೋವಿಗೆ ಇದರಂಥದ್ದಿಲ್ರಿ!"

ಗಂಗಮ್ಮನಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ. ಅಂಥವರು ಈ ಎಲೆ ತಿನ್ನಬಾರದು, ರಕ್ತಸ್ರಾವ ಆಗಬಹುದು ಎಂದು ನಾನು ಓದಿದ್ದೆ. ಹೇಳಿದ್ದೆನಾ? ಇಲ್ಲ.

"ಹಲ್ಲುಜ್ಜುವಾಗ ರಕ್ತ ಬರ್ತೈತೇನ್ರಿ?" ಎಂದು ಕೇಳಿದೆ.

"ನಾಕು ದಿನಾತು. ಬ್ರಶ್ ಬಿರುಸೈತಿ ಅನಕೊಂಡೆ."

ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಬೆಂಚಿನ ಮೇಲೆ ಕೂತಾಗ ಅವರ ಮೊಣಕೈ ಹತ್ತಿರ ನೀಲಿ ಗುರುತು ಕಂಡಿತು. ಅದು ಯಾವಾಗಿನದು? ಕೇಳಲು ಧೈರ್ಯ ಬರಲಿಲ್ಲ. ಅವರೋ, "ಯಾಕ ಹಂಗ ಬೆವರಾಕ್ಹತ್ತೀರಿ? ನೀರು ಕುಡೀರಿ" ಎಂದು ನನಗೇ ಬಾಟಲಿ ಕೊಟ್ಟರು!

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಎರಡು ತಾಸು ಕಾದೆವು. ರಿಪೋರ್ಟ್ ನೋಡಿ, "ಗಾಬರಿ ಇಲ್ಲ. ಮಾತ್ರೆ ಬಿಡಬೇಡ್ರಿ, ಎಲಿ ಬಿಡ್ರಿ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: "ಇದನ್ನ ತಿನ್ನಾಕ ಯಾರು ಹೇಳಿದ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗಮ್ಮ, "ಯಾರೂ ಹೇಳಿಲ್ರಿ. ನಾನಽ ತಿಂದೆ" ಎಂದುಬಿಟ್ಟರು.

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ಇಲ್ರೀ ಡಾಕ್ಟ್ರೇ, ನಾನು ಹೇಳಿದ್ದು" ಎಂದೆ.

ಮನೆಗೆ ಬಂದು ಎರಡೂ ಹಿತ್ತಲಿನ ಗಿಡಗಳನ್ನು ಬೇರುಸಮೇತ ಕಿತ್ತೆ. ವಾರ ಕಳೆಯುವುದರೊಳಗೆ ಕಲ್ಲುಸಂದಿಯಲ್ಲಿ ಮತ್ತೆ ಮೊಳಕೆ. ಈಗ ದಿನಾ ಬೆಳಿಗ್ಗೆ ಬಗ್ಗಿ ಹುಡುಕುವುದೇ ಕೆಲಸ. ನಿನ್ನೆ ಹೀಗೇ ಕೀಳುತ್ತಿದ್ದಾಗ ಗಂಗಮ್ಮ ಕೇಳಿದರು: "ಮತ್ತ ತಲಿನೋವಿಗೆ ನಾ ಏನ್ ತಗೊಳ್ಳಿ, ಟೀಚರ್?"

"ನನಗ ಗೊತ್ತಿಲ್ರಿ. ಡಾಕ್ಟ್ರನ್ನ ಕೇಳೋಣು" ಎಂದೆ.

ಗೊತ್ತಿಲ್ಲ ಎಂದಿಷ್ಟು ಹೇಳಲು ಒಬ್ಬರ ವಸಡಿನಲ್ಲಿ ರಕ್ತ ಬರಬೇಕಿತ್ತೇ?